ಹಾರಂಗಿಯ ಆಸ್ಪ್ರೇ ಮತ್ತು ನಕ್ಷೆಯಲ್ಲಿ ನಿಂತುಬಿಟ್ಟ ಚುಕ್ಕಿ

ಪ್ರಶ್ನೆ: ನಮ್ಮ ಮನೆ ಕುಶಾಲನಗರದ ಹತ್ತಿರ. ಹಾರಂಗಿ ಹಿನ್ನೀರಿನ ಒಣಮರದ ಮೇಲೆ ಪ್ರತಿ ಚಳಿಗಾಲ ಒಂದು ಆಸ್ಪ್ರೇ (ಮೀನು ಹಿಡಿದು ತಿನ್ನುವ, ಹದ್ದಿನಂಥ ದೊಡ್ಡ ಹಕ್ಕಿ) ಬಂದು ಕೂರುತ್ತದೆ. ಕಾಫಿ ಹೂವಿನ ಹೊತ್ತಿಗೆ ಕಾಣೆಯಾಗುತ್ತದೆ. ಅದು ಎಲ್ಲಿಗೆ ಹೋಗುತ್ತದೆ ಎಂಬ ಕುತೂಹಲಕ್ಕೆ, ಯುರೋಪಿನ ಆಸ್ಪ್ರೇಗಳು ಆಫ್ರಿಕಾದಿಂದ ಊರಿಗೆ ಮರಳುವುದನ್ನು ಉಪಗ್ರಹದ ನಕ್ಷೆಯಲ್ಲಿ ದಿನಾ ನೋಡುತ್ತೇನೆ. ಈಗ ಒಂದು ಹಕ್ಕಿಯ ಚುಕ್ಕಿ ಸಹಾರಾದ ದಕ್ಷಿಣದ ಅಂಚಿನಲ್ಲಿ ನಾಲ್ಕು ದಿನದಿಂದ ಅಲ್ಲಾಡಿಲ್ಲ. ಅದು ಸತ್ತಿದೆಯಾ? ಜಾಗ ತಿಳಿಸಲು ಹಕ್ಕಿಯ ಬೆನ್ನಿಗೆ ಕಟ್ಟುವ ಈ ಯಂತ್ರ ಕೆಲಸ ಮಾಡುವುದು ಹೇಗೆ? ನಮ್ಮ ಹಾರಂಗಿಯ ಹಕ್ಕಿಗೂ ಒಂದು ಹಾಕಿಸಬಹುದಾ?

ಉತ್ತರ: ಮೊದಲು ಆ ಚುಕ್ಕಿಯ ವಿಷಯ. ನಾಲ್ಕು ದಿನ ಅಲ್ಲಾಡಲಿಲ್ಲ ಎಂದ ಮಾತ್ರಕ್ಕೆ ಹಕ್ಕಿ ಸತ್ತಿತು ಎನ್ನಲು ಬರುವುದಿಲ್ಲ. ಸಹಾರಾದ ಅಂಚಿನಲ್ಲಂತೂ ಖಂಡಿತ ಬರುವುದಿಲ್ಲ. ಹಕ್ಕಿ ಹಾರುತ್ತಲೇ ಇದ್ದು, ಅದರ ಸುದ್ದಿ ಮಾತ್ರ ಅಲ್ಲಿ ನಿಂತಿರಬಹುದು. ಇದು ಅರ್ಥವಾಗಬೇಕಾದರೆ ಆ ಚುಕ್ಕಿ ನಿಮ್ಮ ಫೋನಿಗೆ ಬಂದ ದಾರಿ ಗೊತ್ತಿರಬೇಕು.

ಮೇಲೆ ಜಿಪಿಎಸ್ ಉಪಗ್ರಹ ಇದೆ, ಅದು ಹಕ್ಕಿಯನ್ನು ನೋಡುತ್ತಾ ಇರುತ್ತದೆ ಎಂದು ಬಹಳ ಜನ ಅಂದುಕೊಂಡಿದ್ದಾರೆ. ಹಾಗೇನೂ ಇಲ್ಲ. ಕೆಳಗೆ ಹಕ್ಕಿ ಇದೆಯೋ ಲಾರಿ ಇದೆಯೋ ಜಿಪಿಎಸ್ ಉಪಗ್ರಹಕ್ಕೆ ಗೊತ್ತೇ ಆಗುವುದಿಲ್ಲ. ತಾನು ಎಲ್ಲಿದ್ದೇನೆ, ಈಗ ಸಮಯ ಎಷ್ಟು ಎಂಬುದನ್ನು ಅದು ಸುಮ್ನೆ ಸಾರುತ್ತಾ ಹೋಗುತ್ತದೆ. ಹಕ್ಕಿಯ ಬೆನ್ನ ಮೇಲಿನ ಯಂತ್ರ ಇಂಥ ನಾಲ್ಕಾರು ಉಪಗ್ರಹಗಳ ಸಂಕೇತ ಕೇಳಿಸಿಕೊಂಡು, ತನ್ನ ಜಾಗವನ್ನು ತಾನೇ ಲೆಕ್ಕ ಹಾಕಿ ಬರೆದಿಟ್ಟುಕೊಳ್ಳುತ್ತದೆ. ಬರೆದಿಟ್ಟಿದ್ದನ್ನು ನಮಗೆ ಮುಟ್ಟಿಸುವುದು ಬೇರೆಯೇ ಕೆಲಸ. ಅದಕ್ಕೆ ಮುಖ್ಯವಾಗಿ ಎರಡು ದಾರಿ ಇದೆ. ಒಂದು ಆರ್ಗೋಸ್ ಎಂಬ ಉಪಗ್ರಹ ವ್ಯವಸ್ಥೆ. ಇನ್ನೊಂದು ಮಾಮೂಲಿ ಮೊಬೈಲ್ ಟವರ್.

ಈಗಿನ ಎಷ್ಟೋ ಯಂತ್ರಗಳು ಮೊಬೈಲ್ ಟವರನ್ನೇ ನಂಬಿಕೊಂಡಿವೆ. ಖರ್ಚು ಕಡಿಮೆ, ಸಿಗುವ ಮಾಹಿತಿ ಜಾಸ್ತಿ. ಒಳಗೊಂದು ಸಿಮ್ ಇರುತ್ತದೆ. ನೆಟ್‌ವರ್ಕ್ ಸಿಕ್ಕಾಗ ಕೂಡಿಟ್ಟದ್ದನ್ನೆಲ್ಲ ಒಟ್ಟಿಗೆ ಕಳಿಸುತ್ತದೆ. ಸಿಗದಿದ್ದರೆ ಬರೆದಿಟ್ಟುಕೊಳ್ಳುತ್ತಾ ಇರುತ್ತದೆ. ನೆಟ್‌ವರ್ಕ್ ಇಲ್ಲದ ಜಾಗ ಎಂದರೆ ಏನು ಅಂತ ಕೊಡಗಿನವರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ? ಸಹಾರಾದ ನಡುವೆ ನೂರಾರು ಕಿಲೋಮೀಟರ್ ಹಾಗೇ. ಆಸ್ಪ್ರೇ ಅದನ್ನು ದಾಟಲು ಹಲವು ದಿನ ತೆಗೆದುಕೊಳ್ಳುತ್ತದೆ. ಅಷ್ಟೂ ದಿನ ನಕ್ಷೆಯಲ್ಲಿ ಕೊನೆಯ ಚುಕ್ಕಿ ದಕ್ಷಿಣದ ಅಂಚಿನಲ್ಲೇ ಇರುತ್ತದೆ. ಆಮೇಲೆ ಹಕ್ಕಿ ಮೊರಾಕ್ಕೊದ ಯಾವುದೋ ಊರಿನ ಮೇಲೆ ಹಾದಾಗ ಇಡೀ ಮರುಭೂಮಿಯ ದಾರಿ ಒಂದೇ ಏಟಿಗೆ ಪರದೆ ಮೇಲೆ ಮೂಡುತ್ತದೆ.

ಹಾಗಾಗಿ ಚುಕ್ಕಿಯ ಮೇಲೆ ಒತ್ತಿ, ದಿನಾಂಕ ಮತ್ತು ಗಂಟೆ ನೋಡಿ. ಅದು ನಾಲ್ಕು ದಿನ ಹಳೆಯದಾಗಿದ್ದರೆ ಹೊಸ ಸುದ್ದಿ ಬಂದಿಲ್ಲ ಎಂದಷ್ಟೇ ಅರ್ಥ. ಕಾಯಬೇಕು. ಇಂದು ಬೆಳಗಿನ ಸಮಯವೇ ಇದ್ದು, ಜಾಗ ಮಾತ್ರ ಹಳೆಯದೇ ಆಗಿದ್ದರೆ ಆಗ ಗಮನ ಕೊಡಬೇಕು.

ಆಗಲೂ ಗಾಬರಿಯಾಗುವ ಮೊದಲು ನಕ್ಷೆಯನ್ನು ದೊಡ್ಡದು ಮಾಡಿ ನೋಡಿ. ಮರಳುಗಾಳಿಗೋ ಎದುರುಗಾಳಿಗೋ ಸಿಕ್ಕಿ ಅಥವಾ ಒಳ್ಳೆಯ ಮೀನಿನ ಜಾಗ ಸಿಕ್ಕಿ ಆಸ್ಪ್ರೇ ನಾಲ್ಕೈದು ದಿನ ಒಂದೇ ಕಡೆ ಉಳಿಯುವುದು ಮಾಮೂಲು. ಬದುಕಿರುವ ಹಕ್ಕಿ ರಾತ್ರಿ ಮಲಗಲು ಒಂದು ಮರ ಹಿಡಿಯುತ್ತದೆ, ಬೆಳಿಗ್ಗೆ ನೀರಿಗೆ ಹೋಗುತ್ತದೆ, ಮೀನು ತಿನ್ನಲು ಇನ್ನೊಂದು ಕೊಂಬೆಗೆ ಹಾರುತ್ತದೆ. ಚುಕ್ಕಿಗಳು ಅರ್ಧ, ಒಂದು ಕಿಲೋಮೀಟರಾದರೂ ಹರಡಿರುತ್ತವೆ. ಸತ್ತು ಬಿದ್ದ ಹಕ್ಕಿಯ ಚುಕ್ಕಿಗಳು ಹತ್ತಿಪ್ಪತ್ತು ಮೀಟರಿನೊಳಗೆ ಒತ್ತೊತ್ತಾಗಿ ಬೀಳುತ್ತವೆ. ಪೂರ್ತಿ ಒಂದೇ ಬಿಂದು ಆಗುವುದಿಲ್ಲ, ಏಕೆಂದರೆ ಜಿಪಿಎಸ್ ಲೆಕ್ಕದಲ್ಲೇ ಅಷ್ಟು ಏರುಪೇರು ಇರುತ್ತದೆ. ಆ ಪುಟ್ಟ ಏರುಪೇರನ್ನು ಹಕ್ಕಿಯ ಓಡಾಟ ಅಂದುಕೊಂಡು ಸಮಾಧಾನ ಪಡುವವರೂ ಇದ್ದಾರೆ.

ನಕ್ಷೆಯಲ್ಲಿ ನಿಮಗೆ ಕಾಣದ ಇನ್ನೆರಡು ಅಂಕಣ ಸಂಶೋಧಕರ ಹತ್ತಿರ ಇರುತ್ತವೆ. ಒಂದು ಅಲುಗಾಟದ ಅಳತೆ. ಹಕ್ಕಿ ಕೂತಲ್ಲೇ ರೆಕ್ಕೆ ಕೊಡವಿದರೂ, ಪುಕ್ಕ ತಿದ್ದಿಕೊಂಡರೂ ಅದು ಏರಿಳಿಯುತ್ತದೆ. ಸತ್ತರೆ ಗೆರೆ ಚಪ್ಪಟೆ. ಇನ್ನೊಂದು ಬ್ಯಾಟರಿಯ ವೋಲ್ಟೇಜು. ಯಂತ್ರದ ಬೆನ್ನ ಮೇಲೆ ಸೌರಫಲಕ ಇರುತ್ತದೆ. ಹಕ್ಕಿ ಹಾರುತ್ತಾ, ಕೂರುತ್ತಾ, ಪುಕ್ಕ ಕೆದರುತ್ತಾ ಇದ್ದರೆ ವೋಲ್ಟೇಜು ಹೊತ್ತಿಗೆ ತಕ್ಕಂತೆ ಏರಿಳಿಯುತ್ತದೆ. ಹಕ್ಕಿ ಬೋರಲು ಬಿದ್ದು ಫಲಕ ಆಕಾಶ ನೋಡುತ್ತಿದ್ದರೆ ಬ್ಯಾಟರಿ ದಿನವಿಡೀ ತುಂಬಿ ತುಳುಕುತ್ತದೆ. ಅಂಗಾತ ಬಿದ್ದಿದ್ದರೆ ಬೇಗ ಬತ್ತಿ ಯಂತ್ರವೇ ಮೌನವಾಗುತ್ತದೆ. ಅಂದರೆ ಬ್ಯಾಟರಿ ತುಂಬಿದೆ ಎಂಬುದು ಯಾವಾಗಲೂ ಒಳ್ಳೆಯ ಸುದ್ದಿಯಲ್ಲ. ಪಟ್ಟಿ ಕಳಚಿ ಯಂತ್ರ ಮಾತ್ರ ಕೆಳಗೆ ಬಿದ್ದಿದ್ದರೂ ಇದೇ ಲಕ್ಷಣ ಕಾಣುತ್ತದೆ. ಅದನ್ನು ತಿಳಿಯಲು ಯಾರಾದರೂ ಆ ಜಾಗಕ್ಕೆ ಹೋಗಿ ನೋಡಲೇಬೇಕು.

ಇನ್ನು ಆರ್ಗೋಸ್. ಇದು ಫ್ರಾನ್ಸ್ ಮತ್ತು ಅಮೆರಿಕ ಸೇರಿ 1978 ರಲ್ಲಿ ಶುರು ಮಾಡಿದ ವ್ಯವಸ್ಥೆ. ಇದರ ಉಪಗ್ರಹಗಳು ಸುಮಾರು 850 ಕಿಲೋಮೀಟರ್ ಎತ್ತರದಲ್ಲಿ ಧ್ರುವದಿಂದ ಧ್ರುವಕ್ಕೆ ಸುತ್ತುತ್ತವೆ. ಹಕ್ಕಿಯ ಮೇಲಿನ ಯಂತ್ರ 401.65 ಮೆಗಾಹರ್ಟ್ಸ್ ಆಸುಪಾಸಿನಲ್ಲಿ ಆಗಾಗ ಒಂದು ಚಿಕ್ಕ ಸಂದೇಶ ಬಿಡುತ್ತದೆ. ತಲೆಯ ಮೇಲೆ ಉಪಗ್ರಹ ಹಾಯುವ ಹತ್ತು ನಿಮಿಷದಲ್ಲಿ ಅದು ಕೇಳಿಸಿದರೆ ಕೇಳಿಸಿತು. ಯಂತ್ರದಲ್ಲಿ ಜಿಪಿಎಸ್ ಇಲ್ಲದಿದ್ದರೂ ಆರ್ಗೋಸ್ ಅದರ ಜಾಗ ಹೇಳಬಲ್ಲದು. ಅದೇ ಇದರ ಚಂದ.

ಹೇಗೆ ಅಂತೀರಾ? ಸಂಪಾಜೆ ಘಾಟಿಯ ರಸ್ತೆ ಬದಿಯಲ್ಲಿ ನಿಂತು ಮಂಗಳೂರು ಬಸ್ಸಿನ ಹಾರ್ನ್ ಕೇಳಿ. (ಎಲ್ಲರೂ ರೈಲಿನ ಸೀಟಿಯ ಉದಾಹರಣೆ ಕೊಡುತ್ತಾರೆ. ಕೊಡಗಿಗೆ ರೈಲೇ ಇಲ್ಲವಲ್ಲ.) ಬಸ್ಸು ಹತ್ತಿರ ಬರುವಾಗ ಹಾರ್ನಿನ ಸ್ವರ ಏರಿರುತ್ತದೆ, ನಿಮ್ಮನ್ನು ದಾಟಿದ ಕೂಡಲೇ ಇಳಿಯುತ್ತದೆ. ನೀವು ರಸ್ತೆಗೆ ಅಂಟಿಕೊಂಡು ನಿಂತಿದ್ದರೆ ಸ್ವರ ಧೊಪ್ಪನೆ ಇಳಿಯುತ್ತದೆ. ದೂರದ ತೋಟದಲ್ಲಿ ನಿಂತಿದ್ದರೆ ನಿಧಾನವಾಗಿ ಜಾರುತ್ತದೆ. ಇದನ್ನೇ ತಿರುಗಿಸಿ ಹಾಕಿ. ಹಾರ್ನ್ ಇರುವುದು ನೆಲದ ಮೇಲಿನ ಹಕ್ಕಿಯ ಹತ್ತಿರ, ಕೇಳಿಸಿಕೊಳ್ಳುವವನು ಓಡುವ ಉಪಗ್ರಹದಲ್ಲಿದ್ದಾನೆ. ಸ್ವರ ಇಳಿದ ಕ್ಷಣ ನೋಡಿ ಹಕ್ಕಿಯನ್ನು ಯಾವಾಗ ದಾಟಿದೆವು ಎಂದು ಹೇಳಬಹುದು. ಇಳಿದ ರೀತಿ ನೋಡಿ ಎಷ್ಟು ದೂರದಲ್ಲಿತ್ತು ಎಂದು ಹೇಳಬಹುದು. ಆದರೆ ದಾರಿಯ ಎಡಕ್ಕಿತ್ತೋ ಬಲಕ್ಕಿತ್ತೋ? ಸ್ವರ ಅದನ್ನು ಹೇಳುವುದಿಲ್ಲ. ಹಾಗಾಗಿ ಪ್ರತಿ ಸಲವೂ ಎರಡು ಉತ್ತರ ಬರುತ್ತದೆ. ಹಕ್ಕಿ ಮೊದಲು ಎಲ್ಲಿತ್ತು, ಇಷ್ಟರಲ್ಲಿ ಎಲ್ಲಿಗೆ ಮುಟ್ಟಿರಲು ಸಾಧ್ಯ ಎಂದು ನೋಡಿ ಒಂದನ್ನು ಬಿಡಬೇಕು. ಹಳೆಯ ನಕ್ಷೆಗಳಲ್ಲಿ ಆಸ್ಪ್ರೇ ಇದ್ದಕ್ಕಿದ್ದಂತೆ ಸಮುದ್ರದ ನಡುವೆ ಕಂಡು, ಮರುದಿನ ದಡಕ್ಕೆ ಬಂದಿದ್ದರೆ ಇಂಥದ್ದೇ ಎಡವಟ್ಟು ಇರಬಹುದು.

ಆರ್ಗೋಸ್ ಪ್ರತಿ ಚುಕ್ಕಿಗೂ ಒಂದು ದರ್ಜೆ ಕೊಡುತ್ತದೆ. 3 ಎಂದರೆ ತಪ್ಪು 250 ಮೀಟರಿನೊಳಗೆ, 2 ಎಂದರೆ 500 ರೊಳಗೆ, 1 ಎಂದರೆ ಒಂದೂವರೆ ಕಿಲೋಮೀಟರಿನೊಳಗೆ, 0 ಎಂದರೆ ಅದಕ್ಕೂ ಜಾಸ್ತಿ. ಎ ಮತ್ತು ಬಿ ದರ್ಜೆಗಳಿಗೆ ಅಂದಾಜು ತಪ್ಪನ್ನೂ ಹೇಳುವುದಿಲ್ಲ. ಜಿಪಿಎಸ್ ಇರುವ ಯಂತ್ರದಲ್ಲಿ ಈ ತಲೆನೋವಿಲ್ಲ, ಅಲ್ಲಿ ಆರ್ಗೋಸ್ ಬರೀ ಅಂಚೆಯ ಕೆಲಸ ಮಾಡುತ್ತದೆ. ಆದರೆ ಎರಡರಲ್ಲೂ ಒಂದು ಮಾತು ನೆನಪಿಡಿ. ಚುಕ್ಕಿಯಿಂದ ಚುಕ್ಕಿಗೆ ಎಳೆದ ಗೆರೆ ಕಂಪ್ಯೂಟರ್ ಎಳೆದದ್ದು. ಹಕ್ಕಿ ಆ ಗೆರೆಯ ಮೇಲೇ ಹಾರಿತು ಎಂದಲ್ಲ. ಎರಡು ಚುಕ್ಕಿಗಳ ನಡುವೆ ಆರು ಗಂಟೆ ಇದ್ದರೆ ಅಷ್ಟರಲ್ಲಿ ಅದು ಒಂದು ಕೆರೆಗೆ ಇಳಿದು, ಮೀನು ಹಿಡಿದು, ತಿಂದು, ಮತ್ತೆ ಮೇಲೇರಿರಬಹುದು. ಆಸ್ಪ್ರೇ ಹಾಗೆ ಮಾಡುವ ಹಕ್ಕಿಯೇ. ಪ್ರಯಾಣದ ನಡುವೆಯೂ ದಾರಿಯಲ್ಲಿ ಸಿಕ್ಕ ನೀರಿನಲ್ಲಿ ಬೇಟೆಯಾಡಿಕೊಂಡೇ ಹೋಗುತ್ತದೆ.

ಯಂತ್ರ ಕಟ್ಟುವುದು ಹೇಗೆ ಎಂದೂ ಹೇಳುತ್ತೇನೆ, ಇಲ್ಲಿ ನಾಜೂಕಿನ ಕೆಲಸ ಇದೆ. ಯಂತ್ರದ ತೂಕ ಹಕ್ಕಿಯ ತೂಕದ ನೂರಕ್ಕೆ 3 ರಷ್ಟನ್ನು ಮೀರಬಾರದು ಎಂಬುದು ಸಾಮಾನ್ಯ ನಿಯಮ. ಆಸ್ಪ್ರೇ ಒಂದೂವರೆ ಕಿಲೋ ಆಸುಪಾಸಿನ ಹಕ್ಕಿ, ಅಂದರೆ 45 ಗ್ರಾಂ ತನಕ ಅವಕಾಶ ಇದೆ. ಈಗಿನ ಯಂತ್ರಗಳು 20 ರಿಂದ 30 ಗ್ರಾಂ ಇರುತ್ತವೆ. ಅದನ್ನು ಟೆಫ್ಲಾನ್ ಪಟ್ಟಿಯಿಂದ ಬೆನ್ನಿಗೆ ಕಟ್ಟುತ್ತಾರೆ. ಪಟ್ಟಿ ಎರಡೂ ರೆಕ್ಕೆಯ ಮುಂದೆ ಮತ್ತು ಹಿಂದೆ ಹಾದು ಎದೆಮೂಳೆಯ ಮೇಲೆ ಸೇರುತ್ತದೆ. ಸೇರುವ ಜಾಗದಲ್ಲಿ ಹೊಲಿಯುವುದು ಹತ್ತಿ ದಾರದಿಂದ. ಗಟ್ಟಿಯಾದ ನೈಲಾನ್ ಯಾಕಿಲ್ಲ ಅಂದರೆ, ಕೆಲವು ವರ್ಷ ಕಳೆದ ಮೇಲೆ ದಾರ ಕೊಳೆತು ಇಡೀ ಯಂತ್ರ ತಾನಾಗಿ ಕಳಚಿ ಬೀಳಬೇಕು. ಪಟ್ಟಿ ತೀರಾ ಬಿಗಿಯಾದರೆ ಪ್ರಯಾಣಕ್ಕೆ ಮುಂಚೆ ಕೊಬ್ಬು ತುಂಬಿಕೊಂಡಾಗ ಎದೆ ಒತ್ತುತ್ತದೆ. ಸಡಿಲವಾದರೆ ರೆಕ್ಕೆ ಸಿಕ್ಕಿಕೊಳ್ಳುತ್ತದೆ. ಬೆನ್ನಿನ ಪುಕ್ಕ ಫಲಕವನ್ನು ಮುಚ್ಚದಂತೆ ಯಂತ್ರವನ್ನು ಸ್ವಲ್ಪ ಎತ್ತರಿಸಿ ಕೂರಿಸಬೇಕು. ಮೇಲಾಗಿ ಇದು ನೀರಿಗೆ ಧುಮುಕುವ ಹಕ್ಕಿ. ಕಾಲು ಮುಂದೆ ಮಾಡಿ ಬಿದ್ದು ಒಂದು ಮೀಟರ್ ಆಳದವರೆಗೂ ಮುಳುಗುತ್ತದೆ. ಮೇಲೆದ್ದು ಗಾಳಿಯಲ್ಲೇ ಮೈ ಕೊಡವುತ್ತದೆ, ಮೀನಿನ ತಲೆ ಮುಂದಕ್ಕೆ ಬರುವಂತೆ ಕಾಲಲ್ಲೇ ತಿರುಗಿಸಿಕೊಳ್ಳುತ್ತದೆ. ದಿನಾ ಇಷ್ಟನ್ನೂ ತಡೆದುಕೊಳ್ಳಬೇಕು ಆ ಡಬ್ಬಿ.

ಇಷ್ಟೆಲ್ಲ ಕಷ್ಟಪಟ್ಟು ಏನು ತಿಳಿಯಿತು? ಸ್ವೀಡನ್ನಿನ ಸಂಶೋಧಕರು 1990 ರ ದಶಕದಿಂದ ಆಸ್ಪ್ರೇಗಳ ಬೆನ್ನು ಹತ್ತಿದ್ದಾರೆ. ಅಲ್ಲಿನ ಹಕ್ಕಿಗಳು ಶರತ್ಕಾಲದಲ್ಲಿ ಆಫ್ರಿಕಾಕ್ಕೆ ಹೋಗಲು ಸರಾಸರಿ 6,700 ಕಿಲೋಮೀಟರನ್ನು ಸುಮಾರು 45 ದಿನದಲ್ಲಿ ಮುಗಿಸಿದವು. ಹಾರಿದ ದಿನಗಳನ್ನು ಮಾತ್ರ ಲೆಕ್ಕ ಹಾಕಿದರೆ ದಿನಕ್ಕೆ 250 ಕಿಲೋಮೀಟರಿಗೂ ತುಸು ಜಾಸ್ತಿ. ವಸಂತದಲ್ಲಿ ಮರಳುವಾಗ ಇನ್ನೂ ಬೇಗ. ಹೋಗುವಾಗ ದಾರಿಯಲ್ಲಿ ವಾರಗಟ್ಟಲೆ ತಂಗುವ ಹಕ್ಕಿಗಳು ಬರುವಾಗ ಹಾಗೆ ಕಾಲ ಕಳೆಯುವುದಿಲ್ಲ. ಕಾರಣ ಸರಳ. ಮೊದಲು ಬಂದವನಿಗೆ ಗೂಡು. ಆಸ್ಪ್ರೇ ಗೂಡು ಒಂದು ವರ್ಷದ ಆಸ್ತಿಯಲ್ಲ, ವರ್ಷ ವರ್ಷ ಕಡ್ಡಿ ಸೇರಿಸುತ್ತಾ ದಶಕಗಳ ಕಾಲ ಬಳಸುವಂಥದ್ದು. ಗಂಡು ಹೆಣ್ಣು ಚಳಿಗಾಲವನ್ನು ಬೇರೆ ಬೇರೆ ಕಡೆ ಕಳೆದು, ಅದೇ ಗೂಡಿಗೆ ಬಂದು ಮತ್ತೆ ಜೊತೆಯಾಗುತ್ತವೆ. ತಡವಾಗಿ ಬಂದರೆ ಬೇರೆ ಯಾರೋ ಕೂತಿರುತ್ತಾರೆ.

ಹಾಗಂತ ತೀರಾ ಬೇಗ ಹೋಗುವಂತೆಯೂ ಇಲ್ಲ. ಕೆರೆಯ ಮೇಲೆ ಮಂಜುಗಡ್ಡೆ ಇದ್ದರೆ ಮೀನು ಹಿಡಿಯುವುದು ಎಲ್ಲಿಂದ? ಆಸ್ಪ್ರೇ ಹೆಚ್ಚುಕಡಿಮೆ ಮೀನು ಬಿಟ್ಟು ಬೇರೇನೂ ತಿನ್ನುವುದಿಲ್ಲ.

ನನಗೆ ಎಲ್ಲಕ್ಕಿಂತ ಹಿಡಿಸಿದ ಸಂಗತಿ ಬೇರೆ. ಒಂದೇ ಹಕ್ಕಿಯನ್ನು ಹಲವು ವರ್ಷ ಹಿಂಬಾಲಿಸಿದಾಗ ಗೂಡು ಅದೇ, ಚಳಿಗಾಲದ ನೆಲೆ ಅದೇ, ಆದರೆ ನಡುವಿನ ದಾರಿ ಒಂದು ವರ್ಷಕ್ಕೂ ಇನ್ನೊಂದಕ್ಕೂ ನೂರಾರು ಕಿಲೋಮೀಟರ್ ಆಚೀಚೆ ಆಗುತ್ತದೆ. ಗಾಳಿ ತಳ್ಳಿದ ಕಡೆ ಜರುಗಿ, ಆಮೇಲೆ ಸರಿಪಡಿಸಿಕೊಳ್ಳುತ್ತದೆ. ಅನುಭವಿ ಹಕ್ಕಿಗೆ ಇದು ಬರುತ್ತದೆ, ಮರಿಗೆ ಬರುವುದಿಲ್ಲ. ಮರಿ ತನ್ನ ಮೊದಲ ಪ್ರಯಾಣವನ್ನು ಒಂಟಿಯಾಗಿ ಮಾಡುತ್ತದೆ, ತಂದೆತಾಯಿ ಜೊತೆಗಿರುವುದಿಲ್ಲ. ಯಾವ ದಿಕ್ಕಿಗೆ ಹಾರಬೇಕು ಎಂಬುದು ಹುಟ್ಟಿನಿಂದ ಬಂದಿರುತ್ತದೆ, ಗಾಳಿಗೆ ಜರುಗಿದರೆ ಎಷ್ಟು ತಿದ್ದಿಕೊಳ್ಳಬೇಕು ಎಂಬುದು ಅಲ್ಲ. ಮೊದಲ ವರ್ಷದಲ್ಲೇ ಅರ್ಧದಷ್ಟು ಮರಿಗಳು ಸಾಯುವುದಕ್ಕೆ ಇದೂ ಒಂದು ಕಾರಣ.

ಈಗ ನಿಮ್ಮ ಹಾರಂಗಿಯ ಹಕ್ಕಿ. ಕಾವೇರಿ ಸಂಕ್ರಮಣದ ಆಸುಪಾಸಿನಲ್ಲಿ ಬಂದು, ಹುತ್ತರಿ ಕಳೆದು, ಹೂಮಳೆ ಬಿದ್ದು ಕಾಫಿ ಅರಳುವಾಗ ಹೊರಡುವುದು ದಕ್ಷಿಣ ಭಾರತಕ್ಕೆ ಬರುವ ಆಸ್ಪ್ರೇಗಳ ಲೆಕ್ಕಕ್ಕೆ ಸರಿಯಾಗಿಯೇ ಇದೆ. ಇವುಗಳ ತವರು ಹಿಮಾಲಯ ಮತ್ತು ಅದರಾಚೆಯ ಉತ್ತರ ಏಷ್ಯಾ. ಸುಮ್ನೆ ಒಂದು ಅಂದಾಜು ಮಾಡೋಣ. ಮಡಿಕೇರಿಯಿಂದ ಸೈಬೀರಿಯಾದ ನೊವೊಸಿಬಿರ್ಸ್ಕ್‌ಗೆ ನೇರ ದೂರ ಸುಮಾರು 4,800 ಕಿಲೋಮೀಟರ್. ದಿನಕ್ಕೆ 250 ರಂತೆ ಹಾರಿದರೆ 19 ದಿನ. ಬಳಸುದಾರಿ, ವಿಶ್ರಾಂತಿ, ಕೆಟ್ಟ ಹವೆ ಸೇರಿಸಿದರೆ ಒಂದು ತಿಂಗಳು ಎನ್ನಿ. ಮಾರ್ಚ್ ಕೊನೆಗೆ ಹೊರಟ ಹಕ್ಕಿ ಏಪ್ರಿಲ್ ಕೊನೆಗೆ ಮುಟ್ಟುತ್ತದೆ. ಅಲ್ಲಿನ ಕೆರೆಗಳ ಮಂಜುಗಡ್ಡೆ ಕರಗುವ ಕಾಲವೂ ಅದೇ.

ಅಲ್ಲಿ ಮಂಜುಗಡ್ಡೆ ಕರಗುತ್ತಿದೆ ಎಂದು ಇಲ್ಲಿರುವ ಹಕ್ಕಿಗೆ ಯಾರು ಹೇಳುತ್ತಾರೆ? ಯಾರೂ ಇಲ್ಲ. ಕೊಡಗಿನಲ್ಲಿ ಅತಿ ಉದ್ದದ ಹಗಲಿಗೂ ಅತಿ ಚಿಕ್ಕ ಹಗಲಿಗೂ ವ್ಯತ್ಯಾಸ ಒಂದೂವರೆ ಗಂಟೆ ಮಾತ್ರ. ವಲಸೆ ಹಕ್ಕಿಗಳ ಮೈಯೊಳಗೆ ಒಂದು ವರ್ಷದ ಗಡಿಯಾರ ಇದೆ. ಹಗಲಿನ ಈ ಚಿಕ್ಕ ಬದಲಾವಣೆ ಅದನ್ನು ಸರಿಯಾಗಿ ಇಡುತ್ತದೆ.

ನಡುವೆ ಹಿಮಾಲಯ ಇದೆಯಲ್ಲ ಎಂದು ನೀವು ಕೇಳಬಹುದು. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ, ನೋಡಿರಬಹುದು. ಅವು ಎವರೆಸ್ಟಿನ ಮೇಲೆ ಹಾರುತ್ತವೆ ಎಂಬ ಮಾತು ಬಹಳ ಕಾಲ ಓಡಾಡುತ್ತಿತ್ತು. ಈ ಜಾತಿಗೆ ಯಂತ್ರ ಕಟ್ಟಿ ನೋಡಿದಾಗ ದಾಖಲಾದ ಅತಿ ಹೆಚ್ಚಿನ ಎತ್ತರ 7,290 ಮೀಟರ್, ಹೆಚ್ಚಿನ ಹಾರಾಟವೆಲ್ಲ ಐದೂವರೆ ಸಾವಿರ ಮೀಟರಿಗಿಂತ ಕೆಳಗೆ. ಹಕ್ಕಿಗಳು ಶಿಖರ ಹತ್ತಿ ಇಳಿಯುವ ಉಸಾಬರಿಗೆ ಹೋಗುವುದಿಲ್ಲ, ಕಣಿವೆ ಕಣಿವೆ ಹಿಡಿದು ನುಸುಳುತ್ತವೆ. ಆಸ್ಪ್ರೇಗಳೂ ವಲಸೆ ಕಾಲದಲ್ಲಿ ಹಿಮಾಲಯದ ನದಿ ಕಣಿವೆಗಳಲ್ಲಿ ಕಾಣಸಿಗುತ್ತವೆ.

ನಿಮ್ಮ ಹಕ್ಕಿಗೆ ಯಂತ್ರ ಹಾಕಿಸಬಹುದಾ ಎಂದರೆ ನನ್ನ ಉತ್ತರ ಬೇಡ ಎಂದೇ. ಆಗದ ಕೆಲಸವೇನಲ್ಲ. ನಾಗಾಲ್ಯಾಂಡಿನಲ್ಲಿ 2013 ರಲ್ಲಿ ಡೆಹ್ರಾಡೂನಿನ ಭಾರತೀಯ ವನ್ಯಜೀವಿ ಸಂಸ್ಥೆಯವರು ಹಂಗೇರಿಯ ತಜ್ಞರ ಜೊತೆ ಸೇರಿ ಮೂರು ಅಮೂರ್ ಫಾಲ್ಕನ್‌ಗಳಿಗೆ (ವಲಸೆ ಬರುವ ಪುಟ್ಟ ಬೇಟೆಹಕ್ಕಿ) 5 ಗ್ರಾಂ ತೂಕದ ಯಂತ್ರ ಕಟ್ಟಿದರು. ನಾಗಾ, ವೋಖಾ, ಪಾಂಗ್ಟಿ ಎಂದು ಹೆಸರಿಟ್ಟರು. ಅಂಗೈಯಗಲದ ಆ ಹಕ್ಕಿಗಳು ಅರಬ್ಬಿ ಸಮುದ್ರವನ್ನೇ ದಾಟುವುದನ್ನು ಜನ ನಕ್ಷೆಯಲ್ಲಿ ನೋಡಿದರು. ಆದರೆ ಫಾಲ್ಕನ್‌ಗಳು ಅಲ್ಲಿ ಸಾವಿರಗಟ್ಟಲೆ ಒಂದೇ ಕಡೆ ಸೇರುತ್ತವೆ, ಹಿಡಿಯುವುದು ಸಾಧ್ಯ. ಆಸ್ಪ್ರೇಗೆ ಯಂತ್ರ ಕಟ್ಟುವುದು ಹೆಚ್ಚಾಗಿ ಗೂಡಿನಲ್ಲಿ. ಮರಿ ಹಾರುವುದಕ್ಕೆ ಸ್ವಲ್ಪ ಮುಂಚೆ ಕೆಳಗಿಳಿಸಿ, ಕಟ್ಟಿ, ಮತ್ತೆ ಗೂಡಿಗಿಡುತ್ತಾರೆ. ಹಿನ್ನೀರಿನ ನಡುವಿನ ಒಣಮರದ ಮೇಲೆ ಒಂಟಿಯಾಗಿ ಕೂರುವ ದೊಡ್ಡ ಹಕ್ಕಿಯನ್ನು ಹಿಡಿಯಲು ಹೋದರೆ ಅದು ಜಾಗ ಬಿಟ್ಟೇ ಹೋಗಬಹುದು. ಜೊತೆಗೆ ಇದು 1972 ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯ ಹಕ್ಕಿ. ಸರ್ಕಾರದ ಅನುಮತಿ ಇಲ್ಲದೆ ಮುಟ್ಟುವಂತಿಲ್ಲ. ಅನುಮತಿ, ದುಡ್ಡು ಎಲ್ಲ ಸಿಕ್ಕರೂ ಒಂದು ಹಕ್ಕಿಯಿಂದ ಬರುವುದು ಒಂದು ಹಕ್ಕಿಯ ಕಥೆ ಮಾತ್ರ. ದಾರಿ ಎಷ್ಟು ಬದಲಾಗುತ್ತದೆ ಎಂದು ಆಗಲೇ ಹೇಳಿದೆನಲ್ಲ.

ಯಂತ್ರವಿಲ್ಲದೆ ನೀವು ಮಾಡಬಹುದಾದ ಕೆಲಸ ಇದೆ, ಅದನ್ನು ಡೆಹ್ರಾಡೂನಿನಲ್ಲಿ ಕೂತವರು ಮಾಡಲಾರರು. ಬಂದ ದಿನ ಮತ್ತು ಹೋದ ದಿನ ಬರೆದಿಡುವುದು. ಬಂದ ದಿನ ಸುಲಭ, ಕಂಡ ದಿನ ಬರೆದರಾಯಿತು. ಹೋದ ದಿನ ಕಷ್ಟ. ಮಾರ್ಚ್ 22 ಕ್ಕೆ ಕಂಡಿತು, ಆಮೇಲೆ ನೀವು ಆ ಕಡೆ ಹೋಗಲೇ ಇಲ್ಲ ಎಂದಾದರೆ ಅದರಿಂದ ಏನೂ ಗೊತ್ತಾಗುವುದಿಲ್ಲ. ಹೋಗಿ, ನೋಡಿ, ಕಾಣದೆ ವಾಪಸು ಬಂದ ದಿನವನ್ನೂ ಬರೆಯಬೇಕು. ಬಹಳ ಜನ ಇಲ್ಲೇ ಬಿಡುತ್ತಾರೆ. ಏನೂ ಕಾಣದ ದಿನ ಬರೆಯಲು ಯಾರಿಗೂ ಉತ್ಸಾಹ ಇರುವುದಿಲ್ಲ ನೋಡಿ. ಇಂಥ ದಿನಾಂಕಗಳನ್ನು ಕೂಡಿಡಲೆಂದೇ ಬೆಂಗಳೂರಿನ ರಾಷ್ಟ್ರೀಯ ಜೈವಿಕ ವಿಜ್ಞಾನ ಕೇಂದ್ರದಿಂದ 2007 ರಲ್ಲಿ ಮೈಗ್ರೆಂಟ್‌ವಾಚ್ ಶುರುವಾಗಿತ್ತು. ಈಗ ಕಂಡ ಹಕ್ಕಿಗಳನ್ನು ದಾಖಲಿಸುವ ಇ-ಬರ್ಡ್ ಜಾಲತಾಣದಲ್ಲಿ ಹಾಕಿದರೆ ಸಾಕು. ಆ ಹೊತ್ತಿನಲ್ಲಿ ಕಂಡ ಎಲ್ಲ ಹಕ್ಕಿಗಳ ಪೂರ್ತಿ ಪಟ್ಟಿ ಕೊಡಿ. ಆಗ ಆಸ್ಪ್ರೇ ಪಟ್ಟಿಯಲ್ಲಿಲ್ಲ ಎಂಬುದೂ ದಾಖಲೆಯಾಗುತ್ತದೆ.

ಪ್ರತಿ ವರ್ಷ ಬರುವುದು ಅದೇ ಹಕ್ಕಿಯೇ ಎಂಬುದನ್ನೂ ಫೋಟೊದಿಂದ ಪತ್ತೆ ಮಾಡಬಹುದು. ತಲೆಯ ಮೇಲಿನ ಕಂದು ಗುರುತು, ಎದೆಯ ಅಡ್ಡಪಟ್ಟಿ ಹಕ್ಕಿಯಿಂದ ಹಕ್ಕಿಗೆ ಬೇರೆ ಇರುತ್ತವೆ. ಪಟ್ಟಿ ಅಗಲವಾಗಿ ಗಾಢವಾಗಿದ್ದರೆ ಹೆಚ್ಚಾಗಿ ಹೆಣ್ಣು. ಯಂತ್ರ ಕಟ್ಟಿದ ಬೆಳೆದ ಆಸ್ಪ್ರೇಗಳು ವರ್ಷ ವರ್ಷ ಅದೇ ನೀರಿಗೆ ಮರಳಿರುವುದರಿಂದ ನಿಮ್ಮದೂ ಅದೇ ಆಗಿರುವ ಸಾಧ್ಯತೆ ಚೆನ್ನಾಗಿದೆ.

ಜೂನಿನಲ್ಲಿ ಆಸ್ಪ್ರೇ ಕಂಡಂತಾದರೆ ಎರಡು ಸಲ ನೋಡಿ. ಕಾವೇರಿ ದಂಡೆಯಲ್ಲಿ ವರ್ಷವಿಡೀ ಇರುವ ಕಿರು ಮೀನುಹದ್ದು ಇರಬಹುದು. ಅದರ ತಲೆ ಬೂದು, ಆಸ್ಪ್ರೇಯದ್ದು ಬಿಳಿ, ಕಣ್ಣಿನ ಮೇಲೆ ಹಾದ ದಪ್ಪ ಕಂದು ಪಟ್ಟೆ. ನಿಜವಾಗಿ ಆಸ್ಪ್ರೇಯೇ ಆಗಿದ್ದರೆ ಅದು ಹೆಚ್ಚಾಗಿ ಎಳೆಯ ಹಕ್ಕಿ. ಮೊದಲ ಬೇಸಿಗೆಯಲ್ಲಿ ಅವು ತವರಿಗೆ ಮರಳದೆ ಚಳಿಗಾಲದ ಕಡೆಯೇ ಉಳಿದುಬಿಡುತ್ತವೆ. ಆದರೆ ಮಳೆ ಹಿಡಿದು ಹೊಳೆ ಕೆಂಪಾದ ಮೇಲೆ, ಕಣ್ಣಿನಿಂದಲೇ ಮೀನು ಹುಡುಕುವ ಹಕ್ಕಿಗೆ ಹಾರಂಗಿಯಲ್ಲಿ ಕೆಲಸ ಕಷ್ಟ.

ಕೊನೆಗೊಂದು ವಿಷಯ. ಫೋಟೊ ತೆಗೆಯುವಾಗ ಕಾಲನ್ನೂ ಸೇರಿಸಿ ತೆಗೆಯಿರಿ. ಕಾಲಲ್ಲಿ ಬಣ್ಣದ ಉಂಗುರ ಇದ್ದರೆ ಅದರ ಮೇಲಿನ ಅಕ್ಷರ, ಅಂಕಿ, ಬಣ್ಣ, ಎಡಗಾಲೋ ಬಲಗಾಲೋ ಎಂಬುದನ್ನು ಬರೆದುಕೊಂಡು ಮುಂಬೈನ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ತಿಳಿಸಿ. ಉಂಗುರ ಹಾಕಿದವರನ್ನು ಅವರು ಹುಡುಕಬಲ್ಲರು. ಹಾಗೆ ಸಿಕ್ಕರೆ ಆ ಹಕ್ಕಿ ಹುಟ್ಟಿದ ಊರು, ವಯಸ್ಸು ಎರಡೂ ನಿಮಗೆ ಗೊತ್ತಾಗುತ್ತದೆ.